ಕಂಬದೊಳಗಿನ ಅಂಗಳ

ನವೆಂಬರ್ 9, 2024, ಶನಿವಾರ. ಹಳೇಬೀಡು

ಬೆಳಗಿನಿಂದ ಮೋಡ. ಪ್ರವಾಸಿಗರ ಮುಖ ಸಪ್ಪಗಾಗಿತ್ತು, ನಮಗೆ ಮಾತ್ರ ಹಬ್ಬ. ಬಿಸಿಲಿದ್ದರೆ ನೆರಳು ಸರಿಯುತ್ತಲೇ ಇರುತ್ತದೆ. ಒಂಬತ್ತಕ್ಕೆ ಗೋಡೆಯಲ್ಲಿ ಕೆತ್ತಿದ ಆನೆಯ ಸೊಂಡಿಲ ಮೇಲಿದ್ದದ್ದು ಹನ್ನೊಂದಕ್ಕೆ ಕಾಲಿಗಿಳಿದಿರುತ್ತದೆ, ಯಾವ ಫೋಟೊವನ್ನು ನಂಬಬೇಕೆಂದು ಕಂಪ್ಯೂಟರಿಗೆ ತಿಳಿಯುವುದಿಲ್ಲ.

ಡೈರೆಕ್ಟರು ಕೇಳಿರುವುದು ಒಂದೇ ಶಾಟ್. ಹೊಯ್ಸಳೇಶ್ವರದ ನಂದಿ ಮಂಟಪ, ಬೆಳದಿಂಗಳು, ಕಂಬಗಳ ನಡುವೆ ಕ್ಯಾಮೆರಾ ತೇಲಿಕೊಂಡು ಹೋಗಬೇಕು. ರಾತ್ರಿ ಅಲ್ಲಿ ಶೂಟಿಂಗ್ ಆಗದ ಮಾತು. ಹಗಲಿನ ಫೋಟೊಗಳಿಂದ ಮಂಟಪವನ್ನು ಕಂಪ್ಯೂಟರಿನಲ್ಲಿ ಎಬ್ಬಿಸಿ, ಚಂದ್ರನನ್ನು ನಾವೇ ತರಬೇಕು.

ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಎರಡನ್ನೂ ಲಾಕ್ ಮಾಡಿಕೊಂಡು ಕಂಬಗಳ ಸುತ್ತ ಸುತ್ತಿದೆವು. ಪ್ರತಿ ಫೋಟೊದಲ್ಲೂ ಹಿಂದಿನದರ ಮುಕ್ಕಾಲು ಪಾಲಾದರೂ ಕಾಣುತ್ತಿರಬೇಕು. "ಸ್ಟ್ಯಾಂಡ್ ಇಡೋ ಹಾಗಿಲ್ಲ ಮೇಡಂ, ಕೈಯಲ್ಲೇ ಹಿಡ್ಕೊಂಡು ತಗೊಳ್ಳಿ" ಎಂದರು ಕಾವಲಿನವರು. ಸರಿಯೇ. ನನ್ನ ಕನ್ನಡಿ ಗುಂಡನ್ನು ನೋಡಿ ಮಾತ್ರ ಅವರಿಗೆ ಅನುಮಾನ ಬಂತು. ಸುತ್ತಲಿನ ಬೆಳಕೆಲ್ಲ ಇದರಲ್ಲಿ ಕಾಣುತ್ತೆ, ಅದನ್ನೇ ಫೋಟೊ ತೆಗೀತೀವಿ ಎಂದೆ. ಅವರು ಕಂಬದ ಕಡೆ ಕೈ ತೋರಿಸಿ, "ಇದರಲ್ಲೂ ಕಾಣುತ್ತಲ್ಲ" ಎಂದರು.

ಕಾಣುತ್ತದೆ. ತಿರುಗಣೆಯಲ್ಲಿ ಕಡೆದ ಬಳಪದ ಕಲ್ಲಿನ ಕಂಬ, ಒಂಬೈನೂರು ವರ್ಷದ ಹಳತು, ಇವತ್ತಿಗೂ ನನ್ನ ಕೆಂಪು ಕುರ್ತಾವನ್ನು ಉದ್ದಕ್ಕೆ ಎಳೆದು ತೋರಿಸುತ್ತಿತ್ತು.

ನವೆಂಬರ್ 11, ಸೋಮವಾರ. ಬೆಂಗಳೂರು

ಗೋಡೆ ಸಲೀಸಾಗಿ ಬಂತು. ಒಂದೇ ಬಿಂದುವನ್ನು ಬೇರೆ ಬೇರೆ ಫೋಟೊಗಳಲ್ಲಿ ಗುರುತು ಹಿಡಿದು, ಕ್ಯಾಮೆರಾ ಎಲ್ಲೆಲ್ಲಿ ನಿಂತಿತ್ತು, ಕಲ್ಲು ಎಷ್ಟು ದೂರವಿತ್ತು ಎಂದು ಲೆಕ್ಕ ಹಾಕುವುದು ಕಂಪ್ಯೂಟರ್ ವಿಷನ್‌ನ ಹಳೆಯ ವಿದ್ಯೆ. ಕೆಳಸಾಲಿನ ಆನೆಗಳ ಬಗ್ಗೆ ಅಳುಕಿತ್ತು. ಒಂದೇ ಆಕಾರ ಸಾಲಾಗಿ ಬಂದರೆ ಮೂರನೆಯದನ್ನು ಹತ್ತನೆಯದೆಂದು ತಿಳಿಯುವ ಅಪಾಯವಿದೆ. ಒಂದರಂತೆ ಇನ್ನೊಂದಿಲ್ಲ ಎಂದು ಗೈಡುಗಳು ಹೇಳುವುದನ್ನು ನಾನು ಬಾಯುಪಚಾರ ಅಂದುಕೊಂಡಿದ್ದೆ. ಫೋಟೊ ಜೋಡಿಸುವ ಸಾಫ್ಟ್‌ವೇರ್ ಕೋಲ್‌ಮ್ಯಾಪ್ ಒಂದು ಆನೆಯನ್ನೂ ತಪ್ಪು ಜಾಗಕ್ಕೆ ಕಟ್ಟಲಿಲ್ಲ.

ಕಂಬದ ಜಾಗದಲ್ಲಿ ಮಾತ್ರ ಚದುರಿದ ಧೂಳು. ಹುಬ್ಬಳ್ಳಿ ಹುಡುಗ (ನಮ್ಮಲ್ಲಿ ವಿಷನ್ ಓದಿ ಬಂದವನು ಅವನೊಬ್ಬನೇ) ತಲೆ ಅಲ್ಲಾಡಿಸಿದ. "ಕಂಬ ಬಿಡ್ರಿ ಮೇಡಂ, ಗ್ವಾಡಿ ತಗೋರಿ. ಹೊಳಿಯೋದು ನಮ್ಮ ಲೆಕ್ಕಕ್ಕ ಬರಂಗಿಲ್ಲ."

ಅವನ ಲೆಕ್ಕ ನಿಂತಿರುವುದು ಒಂದು ನಂಬಿಕೆಯ ಮೇಲೆ: ಕಲ್ಲಿನ ಒಂದು ಬಿಂದುವನ್ನು ಯಾವ ಕಡೆಯಿಂದ ನೋಡಿದರೂ ಬಣ್ಣ ಅದೇ. ಒರಟು ಮೇಲ್ಮೈಗೆ ಅದು ಹೆಚ್ಚುಕಡಿಮೆ ನಿಜ. ನುಣುಪು ಕಂಬದ ಮೇಲಿನ ಬೆಳಕಿನ ಪಟ್ಟೆ ನಾವು ಹೆಜ್ಜೆಯಿಟ್ಟರೆ ತಾನೂ ಸರಿಯುತ್ತದೆ. ವಿಷನ್‌ನವರಿಗೆ ಅದು ಗಲೀಜು. ಗ್ರಾಫಿಕ್ಸ್‌ನವಳಾದ ನನಗೆ ಕಂಬ ಅಂದರೆ ಆ ಪಟ್ಟೆಯೇ. ಅದನ್ನು ಒರೆಸಿಬಿಟ್ಟರೆ ಉಳಿಯುವುದು ಪ್ಲಾಸ್ಟಿಕ್ ಪೈಪು.

ನವೆಂಬರ್ 14, ಗುರುವಾರ

ಗಾಸಿಯನ್ ಸ್ಪ್ಲಾಟಿಂಗ್‌ಗೆ ಹಾಕಿದೆವು. 2023ರಲ್ಲಿ ಫ್ರಾನ್ಸಿನ ಇನ್ರಿಯಾ ಸಂಸ್ಥೆಯ ತಂಡ ತಂದ ವಿಧಾನ. ದೃಶ್ಯವನ್ನು ಅಂಚು ಮಸುಕಾದ ಲಕ್ಷಾಂತರ ಅಂಡಾಕಾರದ ಚುಕ್ಕೆಗಳಿಂದ ಕಟ್ಟುತ್ತಾರೆ. ಒಂದೊಂದು ಚುಕ್ಕೆಗೆ 59 ಸಂಖ್ಯೆ: ಜಾಗಕ್ಕೆ ಮೂರು, ಗಾತ್ರಕ್ಕೆ ಮೂರು, ತಿರುವಿಗೆ ನಾಲ್ಕು, ಪಾರದರ್ಶಕತೆಗೆ ಒಂದು, ಉಳಿದ 48 ಬಣ್ಣಕ್ಕೆ. ಬಣ್ಣಕ್ಕೆ ಅಷ್ಟು ಯಾಕೆಂದರೆ ನೋಡುವ ದಿಕ್ಕಿಗೆ ತಕ್ಕಂತೆ ಅದು ಬದಲಾಗಬೇಕು. ಚಿತ್ರ ಬಿಡಿಸು, ಫೋಟೊದ ಜೊತೆ ಹೋಲಿಸು, ವ್ಯತ್ಯಾಸ ಕಡಿಮೆಯಾಗುವಂತೆ ಸಂಖ್ಯೆಗಳನ್ನು ತುಸು ತಿದ್ದು, ಮತ್ತೆ ಬಿಡಿಸು. ಬಿಡಿಸುವುದು ಗ್ರಾಫಿಕ್ಸ್, ತಿದ್ದುವುದು ವಿಷನ್. ಯಂತ್ರದೊಳಗೆ ಇಬ್ಬರೂ ಜಗಳವಿಲ್ಲದೆ ದುಡಿಯುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಸ್ಕ್ರೀನಿನಲ್ಲಿ ಮಂಟಪ ನಿಂತಿತ್ತು, ಕಂಬವೂ ಹೊಳೆಯುತ್ತಿತ್ತು. ಹೊರಗಿನಿಂದ ನೋಡಿದರೆ ಫೋಟೊಗೂ ಇದಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ಕುತೂಹಲಕ್ಕೆ ಕ್ಯಾಮೆರಾವನ್ನು ಕಂಬದೊಳಕ್ಕೇ ನುಗ್ಗಿಸಿದೆ. ಒಳಗೆ ಕಲ್ಲಿಲ್ಲ. ಇನ್ನೊಂದು ಅಂಗಳವಿದೆ! ಸೊಟ್ಟ ಮರಗಳು, ಬಿಳಿ ಆಕಾಶದ ಸೀಳು, ನನ್ನ ಕುರ್ತಾದ ಕೆಂಪು ಮಸಿ. ಪ್ರತಿಬಿಂಬ ಎಂಬುದು ಆ ಚುಕ್ಕೆಗಳಿಗೆ ಗೊತ್ತಿಲ್ಲವಲ್ಲ. ಕಂಬವನ್ನು ಅರೆಪಾರದರ್ಶಕ ಪೊರೆ ಮಾಡಿ, ಅದರ ಹಿಂದೆ ಒಂದು ಸುಳ್ಳು ಲೋಕವನ್ನು ಕಟ್ಟಿಕೊಂಡಿವೆ.

ಆ ಲೋಕವೂ ಕಲಸಿಹೋಗಿದೆ, ಅದಕ್ಕೆ ಕಾರಣವೂ ಇದೆ. ಕಂಬ ಅಡ್ಡಡ್ಡಕ್ಕೆ ಉಬ್ಬುಗನ್ನಡಿ, ಉದ್ದಕ್ಕೆ ನೇರ. ನಾವು ಎಡಬಲಕ್ಕೆ ಸರಿದರೆ ದೂರದ ಮರದ ಬಿಂಬ ಕಂಬದೊಳಗೇ, ಅದರ ತ್ರಿಜ್ಯದ ಅರ್ಧದಷ್ಟು ಆಳದಲ್ಲಿ ಇದ್ದಂತೆ ಕಾಣುತ್ತದೆ. ಕೂತು ಎದ್ದು ನೋಡಿದರೆ ಮರ ಮುಂದೆ ಎಷ್ಟು ದೂರವೋ ಬಿಂಬ ಹಿಂದೆ ಅಷ್ಟೇ ದೂರ. ಎರಡಕ್ಕೂ ಒಪ್ಪುವ ಜಾಗ ಇಲ್ಲವೇ ಇಲ್ಲ.

ನವೆಂಬರ್ 17, ಭಾನುವಾರ

ಮನೆಯಲ್ಲೇ. ಗ್ರಾಫಿಕ್ಸ್ ಸಂಶೋಧಕ ಪಾಲ್ ಡೆಬೆವೆಕ್‌ನ ಹಳೆಯ ಕೆಲಸಗಳನ್ನು ಮತ್ತೆ ನೋಡಿದೆ. 1997ರ ಕ್ಯಾಂಪನೀಲಿ ಚಿತ್ರ ಈಗಲೂ ಚೆಂದ. ಬರ್ಕ್ಲಿಯ ಗಡಿಯಾರ ಗೋಪುರಕ್ಕೆ ಸರಳವಾದ ಪೆಟ್ಟಿಗೆ ಆಕಾರಗಳ ಮಾದರಿ ಕಟ್ಟಿ, ಅದರ ಮೇಲೆ ಫೋಟೊಗಳನ್ನೇ ಬೀಳಿಸಿದ್ದಾರೆ. ಕೆಲವು ಫೋಟೊ ತೆಗೆದದ್ದು ಗಾಳಿಪಟಕ್ಕೆ ಕಟ್ಟಿದ ಕ್ಯಾಮೆರಾದಿಂದ. 1999ರ 'ಮೇಟ್ರಿಕ್ಸ್'ನಲ್ಲಿ ಗುಂಡು ತಪ್ಪಿಸಿಕೊಳ್ಳುವ ದೃಶ್ಯದ ಹಿನ್ನೆಲೆ ಇದೇ ದಾರಿಯಲ್ಲಿ ಬಂದದ್ದು. ಆದರೆ ಗೋಪುರದ ಮೇಲೆ ಫೋಟೊ ತೆಗೆದ ಗಳಿಗೆಯ ಬಿಸಿಲು ಶಾಶ್ವತವಾಗಿ ಅಂಟಿಕೊಂಡಿದೆ. ನಮ್ಮ ಮಂಟಪಕ್ಕೂ ಅದೇ ಗತಿ, ನವೆಂಬರಿನ ಮೋಡ ಅಲ್ಲಿಂದ ಕದಲುವುದಿಲ್ಲ.

ಬೆಳದಿಂಗಳು ಬೇಕಾದರೆ ಕಲ್ಲನ್ನೂ ಬೆಳಕನ್ನೂ ಬೇರ್ಪಡಿಸಬೇಕು. ಫೋಟೊದಲ್ಲಿರುವುದು ಎರಡರ ಗುಣಾಕಾರ. ಬೂದು ಕಲ್ಲಿಗೆ ಹೆಚ್ಚು ಬೆಳಕೋ, ಬಿಳಿ ಕಲ್ಲಿಗೆ ಕಡಿಮೆ ಬೆಳಕೋ ಎಂದು ಒಂದು ಪಿಕ್ಸೆಲ್ ನೋಡಿ ಯಾರೂ ಹೇಳಲಾರರು. ಹಂಸಕ್ಷೀರ ನ್ಯಾಯ ಇಲ್ಲಿ ನಡೆಯಬೇಕಾದರೆ ನೀರು ಎಷ್ಟಿತ್ತೆಂದು ಮೊದಲೇ ಅಳೆದಿರಬೇಕು. ಕನ್ನಡಿ ಗುಂಡು ಅದಕ್ಕೇ. ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ 1997ರಲ್ಲೇ ದಾರಿ ತೋರಿದ್ದಾರೆ: ಒಂದೇ ದೃಶ್ಯವನ್ನು ಬೇರೆ ಬೇರೆ ಎಕ್ಸ್‌ಪೋಷರ್‌ಗಳಲ್ಲಿ ತೆಗೆದು ಸೇರಿಸಿದರೆ ಅದು ಬರೀ ಚಿತ್ರವಾಗಿ ಉಳಿಯದೆ ಬೆಳಕಿನ ಅಳತೆಯಾಗುತ್ತದೆ. ಮರುವರ್ಷ ಡೆಬೆವೆಕ್ ಆ ಅಳತೆಯನ್ನು ಸುತ್ತಲಿನ ಒರಟು ಮಾದರಿಯ ಮೇಲೆ ಹೊದಿಸಿ, ಅದರಿಂದಲೇ ಕೃತಕ ವಸ್ತುಗಳನ್ನು ಬೆಳಗಿ ತೋರಿಸಿದ.

ಇನ್ನು ಕಂಬದ ಆಕಾರ. ಹೊಳಪನ್ನು ನೋಡಲೇಬೇಕಾಗಿಲ್ಲ. ತಿರುಗಣೆಯಲ್ಲಿ ಕಡೆದದ್ದು ತಾನೇ? ಅಂಚಿನ ಗೆರೆ ಸಿಕ್ಕರೆ, ಅದನ್ನು ಅಕ್ಷದ ಸುತ್ತ ತಿರುಗಿಸಿದರೆ ಕಂಬ. ಅಂಚಿನ ಗೆರೆಗೆ ಪ್ರತಿಬಿಂಬದ ಹಂಗಿಲ್ಲ.

ನವೆಂಬರ್ 22, ಶುಕ್ರವಾರ

ಕಂಬ ಬಂತು. ಅಂಚನ್ನು ಹುಡುಗ ಫೋಟೊಗಳಿಂದ ಎತ್ತಿಕೊಟ್ಟ, ತಿರುಗಿಸಿ ನಿಲ್ಲಿಸಿದ್ದು ನಾನು. ಸುತ್ತಲೂ ಪೆಟ್ಟಿಗೆಯಂಥ ಮಂಟಪದ ಮಾದರಿ, ಅದಕ್ಕೆ ಗುಂಡಿನ ಬೆಳಕು. ಕಪ್ಪು ಕಲ್ಲು ತನ್ನ ಬಣ್ಣವನ್ನು ಹೆಚ್ಚು ಹೊರಬಿಡುವುದಿಲ್ಲ, ನೇರ ನೋಡಿದರೆ ಮೇಲ್ಮೈ ಪ್ರತಿಫಲಿಸುವುದೂ ನೂರರಲ್ಲಿ ಐದು ಪಾಲಿನಷ್ಟೇ. ಆದರೂ ಆ ಐದೇ ಗೆಲ್ಲುತ್ತದೆ. ಅಂಚಿನ ಕಡೆಗೆ ಹೋದಂತೆ ಪ್ರತಿಫಲನ ಏರುತ್ತಾ ಕೊನೆಗೆ ಕನ್ನಡಿಯೇ ಆಗಿಬಿಡುತ್ತದೆ.

ರೆಂಡರ್‌ನಿಂದ ಫೋಟೊವನ್ನು ಕಳೆದು ನೋಡಿದೆ. ಎದೆಯೆತ್ತರದಲ್ಲಿ ಒಂದು ಪಟ್ಟಿ ಮಾತ್ರ ಒಪ್ಪುತ್ತಿಲ್ಲ, ನನ್ನ ಲೆಕ್ಕಕ್ಕಿಂತ ಅಲ್ಲಿ ನುಣುಪು ಜಾಸ್ತಿ. ಬಂದವರೆಲ್ಲ ಕೈಯಾಡಿಸುವ ಜಾಗ ಇರಬೇಕು. ಅಲ್ಲಿಗೆ ಬೇರೆ ಒರಟುತನ ಕೊಟ್ಟೆ. ಹುಡುಗ ಬಗ್ಗಿ ನೋಡಿ, "ಈಗ ಬಂತ್ ನೋಡ್ರಿ ಲೆಕ್ಕಕ್ಕ" ಎಂದ.

ಸಂಜೆ ಡೈರೆಕ್ಟರಿಗೆ ಬೆಳದಿಂಗಳ ಟೆಸ್ಟ್ ತೋರಿಸಿದೆವು. ಚಂದ್ರ ಸಣ್ಣ ದೀಪ, ಹೊಳಪು ತೆಳ್ಳಗೆ ಗೆರೆ ಎಳೆದಂತೆ ಬೀಳುತ್ತದೆ. ಅವರಿಗೆ ಅದು ಸಾಲದು, ಮೋಡದ ದಿನದ ಅಗಲ ಪಟ್ಟೆಯೇ ಬೇಕಂತೆ. "ಸ್ಪ್ಲಾಟನ್ನೇ ನೀಲಿ ಮಾಡಿ ಕೊಡಿ ಮೇಡಂ, ಕಂಬದೊಳಗೆ ಏನಿದೆ ಅಂತ ಯಾರು ಬಂದು ನೋಡ್ತಾರೆ?"

ಸಿನಿಮಾಗೆ ಅವರ ಮಾತು ಸರಿ, ಕೊಡುತ್ತೇನೆ. ಆದರೆ ಇಂಥ ಫೈಲುಗಳನ್ನೇ ಸ್ಮಾರಕದ ದಾಖಲೆಯೆಂದು ಎತ್ತಿಡುವ ಉತ್ಸಾಹ ಈಗ ಎಲ್ಲೆಡೆ ಇದೆ. ಅದಕ್ಕೆ ನನ್ನ ಒಪ್ಪಿಗೆಯಿಲ್ಲ. ಒಳಗೆ ಅಂಗಳವಿರುವ ಕಂಬ ಹಳೇಬೀಡಿನದಲ್ಲ. ಸ್ಪ್ಲಾಟ್, ತಿರುಗಿಸಿ ನಿಲ್ಲಿಸಿದ ಮಾದರಿ ಎರಡನ್ನೂ ಬೇರೆ ಬೇರೆ ಫೋಲ್ಡರಿಗೆ ಹಾಕಿ, ಒಂದಕ್ಕೆ 'ಬೆಳಕು ಅಂಟಿದ್ದು', ಇನ್ನೊಂದಕ್ಕೆ 'ಬೆಳಕು ಬಿಡಿಸಿದ್ದು' ಎಂದು ಹೆಸರಿಟ್ಟೆ. ಕನ್ನಡಿ ಗುಂಡಿನ ಮೂಲ ಫೋಟೊಗಳು ಎರಡರಲ್ಲೂ ಇವೆ. ಸೋಮವಾರ ಉಳಿದ ಕಂಬಗಳ ಅಂಚು ಎತ್ತಬೇಕು.