ಒಂಬತ್ತು ಜನರ ಮನೆ

'ಕೋ-ಲಿವಿಂಗ್' ಅಂದ ತಕ್ಷಣ ನಮ್ಮಲ್ಲಿ ಅರ್ಧ ಜನಕ್ಕೆ 'ಲಿವ್-ಇನ್' ಅಂತ ಕೇಳಿಸುತ್ತದೆ. ತುಮಕೂರಿನ ನಮ್ಮ ಚಿಕ್ಕಮ್ಮನಿಗೂ ಹಾಗೇ ಕೇಳಿಸಿ, ಎರಡು ದಿನ ಮನೆಯಲ್ಲಿ ಗುಸುಗುಸು ನಡೆದು, ಕೊನೆಗೆ ಅಮ್ಮ ಫೋನ್ ಮಾಡಿ "ಯಾರೇ ಅವನು?" ಅಂತ ಕೇಳಿದಳು. ಯಾರೂ ಇಲ್ಲ ಅನ್ನೋದೇ ಇದರ ವಿಶೇಷ. ಒಬ್ಬೊಬ್ಬರೇ ಊರು ಸುತ್ತುವವರು, ಲ್ಯಾಪ್‌ಟಾಪ್ ಇಟ್ಟ ಕಡೆಯೇ ಆಫೀಸು ಅನ್ನುವವರು ಒಂದೇ ಮನೆಯಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಇರುವ ವ್ಯವಸ್ಥೆ ಇದು. ಮಲಗಲು ಸ್ವಂತ ಕೋಣೆ, ಇಲ್ಲವೇ ಡಾರ್ಮಿಟರಿಯಲ್ಲಿ ಒಂದು ಮಂಚ. ಅಡುಗೆಮನೆ, ಜಗುಲಿ, ವೈಫೈ, ಕೆಲಸದ ಮೇಜು ಎಲ್ಲರಿಗೂ ಸೇರಿದ್ದು. ಲಾಡ್ಜಿಗಿಂತ ಅಗ್ಗ, ಪಿಜಿಗಿಂತ ಸಡಿಲ. ಬೆಂಗಳೂರಿನ ಬಾಡಿಗೆ ಮನೆಗಳ ಹಾಗೆ ತಿಂಗಳುಗಟ್ಟಲೆ ಬಾಡಿಗೆಯ ಅಡ್ವಾನ್ಸ್ ಕೇಳುವುದಿಲ್ಲ.

ನಾನು ಹೋಗಿದ್ದು ಗೋಕರ್ಣಕ್ಕೆ, 2024ರ ಜುಲೈ ಮತ್ತು ಆಗಸ್ಟ್. ಬುದ್ಧಿ ಇದ್ದವರು ಮಳೆ ಮುಗಿದು ಅಕ್ಟೋಬರ್ ಆದ ಮೇಲೆ ಹೋಗುತ್ತಾರೆ. ಬುದ್ಧಿ ಇದ್ದವರೆಲ್ಲ ಹೋಗುವ ಕಾಲದಲ್ಲಿ ಬಾಡಿಗೆಯೂ ಹಾಗೇ ಇರುತ್ತದೆ. ಕುಡ್ಲೆ ಬೀಚಿನ ಮೇಲಿನ ಗುಡ್ಡದಲ್ಲಿದ್ದ ಮನೆಯಲ್ಲಿ ಬಾತ್‌ರೂಮ್ ಇದ್ದ ಕೋಣೆಗೆ ತಿಂಗಳಿಗೆ 16,000 ರೂಪಾಯಿ ಕೊಟ್ಟೆ. ಇದಕ್ಕೇ ಡಿಸೆಂಬರ್‌ನಲ್ಲಿ ಎಷ್ಟು ಅಂತ ಕೇಳಿದ್ದಕ್ಕೆ ಮನೆಯೊಡತಿ ನಕ್ಕು ಸುಮ್ಮನಾದರು. ಮಳೆಗಾಲದಲ್ಲಿ ಬೀಚಿನ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ. ಓಂ ಬೀಚು, ಹಾಫ್ ಮೂನ್, ಪ್ಯಾರಡೈಸ್ ಕಡೆ ಹೋಗುವ ಗುಡ್ಡದ ದಾರಿಯ ಚಿರೇಕಲ್ಲು ಪಾಚಿ ಕಟ್ಟಿ ಜಾರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಮೀನಿಗೆ ಇಳಿಯುವಂತಿಲ್ಲ, ಇನ್ನು ನಾವು ನೀರಿಗೆ ಇಳಿಯುವ ಮಾತೆಲ್ಲಿ?

ಹುಡುಗನ ವಿಷಯ ಬಗೆಹರಿದರೂ ಅಮ್ಮನ ತಕರಾರು ಮುಗಿಯಲಿಲ್ಲ. ಅವಳಿಗೆ ಗೋಕರ್ಣ ಅಂದರೆ ಅಪ್ಪನ ಕಾರ್ಯ. ಮೂರು ವರ್ಷದ ಹಿಂದೆ ಅಪ್ಪ ಹೋದಾಗ ಅಸ್ಥಿ ಬಿಡಲು ಹೋಗಿದ್ದು ಅಲ್ಲಿಗೇ. ಭಟ್ಟರ ಮನೆಯಲ್ಲೇ ಉಳಿದುಕೊಂಡು, ಅದೇ ಕೆಲಸಕ್ಕೆ ಬೇರೆ ಬೇರೆ ಊರಿಂದ ಬಂದಿದ್ದ ಮೂರ್ನಾಲ್ಕು ಕುಟುಂಬಗಳ ಜೊತೆ ಒಂದೇ ಪಂಕ್ತಿಯಲ್ಲಿ ಊಟ ಮಾಡಿ ಬಂದಿದ್ದೆವು.

"ಕರ್ಮ ಮಾಡೋ ಊರಿಗೆ ಮಜಾ ಮಾಡೋಕೆ ಹೋಗ್ತೀಯ? ಅದೂ ಯಾರ್ಯಾರೋ ಇರೋ ಮನೇಲಿ?"

"ಆವತ್ತು ಭಟ್ಟರ ಮನೇಲೂ ಯಾರ್ಯಾರೋ ಇದ್ರಲ್ಲಮ್ಮ" ಅಂದೆ. ಫೋನ್ ಇಟ್ಟಳು.

ವಾದಕ್ಕೆ ಹೇಳಿದ ಮಾತಾದರೂ ಅದು ನಿಜವೇ. ಗುರುತಿಲ್ಲದವರಿಗೆ ಮನೆಯಲ್ಲಿ ಜಾಗ ಕೊಡುವುದು ಗೋಕರ್ಣಕ್ಕೆ ಹೊಸದಲ್ಲ. ಯಾತ್ರಿಕರಿಗೆ ಭಟ್ಟರ ಮನೆಗಳಿದ್ದವು. ಗೋವಾ ಗಿಜಿಗುಡತೊಡಗಿದ ಮೇಲೆ ದಕ್ಷಿಣಕ್ಕೆ ಇಳಿದುಬಂದ ಹಿಪ್ಪಿಗಳು ಕುಡ್ಲೆ, ಓಂ ಬೀಚುಗಳಲ್ಲಿ ಮಡಲಿನ ಗುಡಿಸಲು ಹಿಡಿದು ತಿಂಗಳುಗಟ್ಟಲೆ ಇದ್ದರು. ಈಗ ಲ್ಯಾಪ್‌ಟಾಪಿನ ಜೊತೆ ನಾವು ಬಂದಿದ್ದೇವೆ, ಅಷ್ಟೇ.

ನಾನು ಹೊರಟಿದ್ದು ಮಜಾ ಮಾಡಲಿಕ್ಕೂ ಅಲ್ಲ. ಬೆಂಗಳೂರಿನಲ್ಲಿ ನನ್ನದು ಒಂದು ಬೆಡ್‌ರೂಮಿನ ಮನೆ, ನಾಲ್ಕನೇ ಮಹಡಿ. ಫೆಬ್ರವರಿಯಲ್ಲಿ ಜ್ವರ ಬಂದು ಮೂರು ದಿನ ಮಲಗಿದ್ದೆ. ಆ ಮೂರು ದಿನದಲ್ಲಿ ಊಟ ತಂದ ಡೆಲಿವರಿ ಹುಡುಗ ಬಿಟ್ಟರೆ ಇನ್ಯಾರೂ ಬಾಗಿಲು ತಟ್ಟಲಿಲ್ಲ. ಯಾರ ತಪ್ಪೂ ಅಲ್ಲ. ಆಫೀಸಿನ ಚಾಟ್‌ನಲ್ಲಿ 'ಸಿಕ್ ಲೀವ್' ಅಂತ ಹಾಕಿದ್ದೆ, ಎಲ್ಲರೂ 'ಗೆಟ್ ವೆಲ್ ಸೂನ್' ಅಂದಿದ್ದರು. ಮೂರನೇ ದಿನ ರಾತ್ರಿ ಯೋಚನೆ ಬಂತು: ನಾನು ಏಳದೇ ಹೋದರೆ ಯಾರಿಗೆ, ಯಾವತ್ತು ಗೊತ್ತಾಗುತ್ತದೆ? ಆ ಲೆಕ್ಕ ಹಾಕಿದ ಮೇಲೆ ಆ ಮನೆಯಲ್ಲಿ ನಿದ್ದೆ ಬರುವುದು ಕಷ್ಟವಾಯಿತು.

ಗೋಕರ್ಣದ ಮನೆಯಲ್ಲಿ ಕೆಳಗಡೆ ಮನೆಯೊಡತಿ ಮತ್ತು ಅವರ ಯಜಮಾನರು, ಮೇಲೆ ಹೊಸದಾಗಿ ಕಟ್ಟಿದ ಕೋಣೆಗಳು. ಬುಕಿಂಗ್ ನೋಡಿಕೊಳ್ಳುವ ಮಗ ದುಬೈಯಲ್ಲಿ. ಎಲ್ಲರೂ ಅವರನ್ನು ಅಕ್ಕ ಅಂತಲೇ ಕರೆಯುವುದು, ಪೋಲೆಂಡಿನಿಂದ ಬಂದಿದ್ದ ಹೆಂಗಸೂ ಸಹ. ಆ ಜುಲೈಯಲ್ಲಿ ನಾವು ಒಂಬತ್ತು ಜನ: ಪುಣೆಯ ಡಿಸೈನರ್ ಹುಡುಗ, ಕೋಯಿಕ್ಕೋಡಿನ ಒಬ್ಬಳು ಹುಡುಗಿ, ಹೆಂಡತಿ ತೀರಿಕೊಂಡ ಮೇಲೆ ವರ್ಷಕ್ಕೆರಡು ಸಲ ಬಂದಿರುವ ಹುಬ್ಬಳ್ಳಿಯ ನಿವೃತ್ತ ಬ್ಯಾಂಕ್ ಮ್ಯಾನೇಜರು, ಹೀಗೆ. ಬಂದ ದಿನವೇ ಅಕ್ಕ ಎಲ್ಲರ ಆಧಾರ್ ಪ್ರತಿ ತೆಗೆದುಕೊಂಡರು. ವಿದೇಶದವರಾದರೆ ಆಗ 24 ಗಂಟೆಯೊಳಗೆ 'ಫಾರಂ ಸಿ' ತುಂಬಬೇಕಿತ್ತು, ಅದಕ್ಕೆ ಮಗನಿಗೆ ಫೋನು.

ಬಾಗಿಲ ಹತ್ತಿರ ದಾರ ಕಟ್ಟಿದ ಒಂದು ನೋಟ್‌ಬುಕ್ ನೇತಾಡುತ್ತಿತ್ತು. ಹೊರಗೆ ಹೋಗುವವರು ಹೆಸರು, ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ ಅಂತ ಬರೆದು ಹೋಗಬೇಕು. ಮಳೆಗಾಲಕ್ಕೆ ಮಾತ್ರ ಈ ನಿಯಮ. ಪುಣೆಯ ಹುಡುಗ, "ಇದೇನು ಹಾಸ್ಟೆಲ್ಲಾ?" ಅಂತ ಗೊಣಗುತ್ತಲೇ ಬರೆಯುತ್ತಿದ್ದ. ನನಗೆ ಮಾತ್ರ ಮೊದಲ ದಿನದಿಂದಲೂ ಅದು ಇಷ್ಟ. 'ಪೇಟೆ, ತರಕಾರಿ, 6 ಗಂಟೆ' ಅಂತ ಬರೆದು ಹಾಲಕ್ಕಿ ಹೆಂಗಸರ ಹತ್ತಿರ ಬಸಳೆ, ಮೊಗೆಕಾಯಿ ತರಲು ಹೋಗುತ್ತಿದ್ದೆ. ಆರೂವರೆಯಾದರೆ ಫೋನ್ ಬರುತ್ತಿತ್ತು: "ತಂಗಿ, ಎಂತ ಆಯ್ತು? ಯಾವಾಗ ಬರೂದು?"

ಇಂಥ ಜಾಗಗಳ ಜಾಹೀರಾತಿನಲ್ಲಿ 'ಕಮ್ಯೂನಿಟಿ' ಅನ್ನುವ ಪದ ತಪ್ಪುವುದಿಲ್ಲ. ಕ್ಯಾಂಪ್‌ಫೈರ್, ಗಿಟಾರು, ಬೋರ್ಡ್ ಗೇಮ್‌ಗಳ ಫೋಟೋ ಇರುತ್ತವೆ. ನನ್ನ ಅನುಭವದಲ್ಲಿ ಗಿಟಾರಿಗಿಂತ ಸಿಂಕ್ ನೋಡುವುದು ಮೇಲು. ನಮ್ಮಲ್ಲೂ ಜಗಳ ಆಗಿದ್ದು ತೊಳೆಯದೆ ಬಿಟ್ಟ ಕುಕ್ಕರ್ ವಿಷಯಕ್ಕೇ, ರಾಜಿಯಾಗಿದ್ದೂ ಅಲ್ಲೇ. ಭಾನುವಾರ ಒಬ್ಬೊಬ್ಬರ ಸರದಿಯಲ್ಲಿ ಅಡುಗೆ. ನನ್ನ ವಾರ ಮುದ್ದೆ, ಬಸ್ಸಾರು. ಅಗಿಯದೆ ನುಂಗಬೇಕು ಅಂತ ಹೇಳಿಕೊಟ್ಟಿದ್ದಕ್ಕೆ ಪೋಲೆಂಡಿನವರು ಕಣ್ಣು ಮುಚ್ಚಿ ನುಂಗಿ, ಎರಡನೇ ಸಲ ಬಡಿಸಿಕೊಂಡರು.

ಜುಲೈ 16, ಮಂಗಳವಾರ. ಬೆಳಿಗ್ಗೆ ಮೀಟಿಂಗ್‌ನಲ್ಲಿದ್ದಾಗ ಕೆಳಗಿನಿಂದ ಟಿವಿ ಸದ್ದು ಜೋರಾಯಿತು. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗೆ ಗುಡ್ಡ ಕುಸಿದಿತ್ತು. ರಸ್ತೆ ಬದಿಯ ಚಹಾದಂಗಡಿ, ಅಲ್ಲಿ ನಿಂತಿದ್ದ ಜನ, ವಾಹನ ಎಲ್ಲ ಮಣ್ಣಿನ ಜೊತೆ ಗಂಗಾವಳಿ ನದಿಗೆ. ಅಕ್ಕ ಮೊದಲು ಹೋಗಿದ್ದು ನೋಟ್‌ಬುಕ್ ಹತ್ತಿರ. ಪುಣೆಯ ಹುಡುಗನ ಅಕ್ಷರ: 'ಅಂಕೋಲಾ, ಬೈಕ್, 1 ಗಂಟೆ'. ಹೊರಟಿದ್ದು ಏಳೂವರೆಗೆ.

ಅವನ ಫೋನ್ ಸ್ವಿಚ್ ಆಫ್. ಅಕ್ಕನ ಯಜಮಾನರು ಪರಿಚಯದ ಆಟೋದವರಿಗೆ, ಹೆದ್ದಾರಿ ಬದಿಯ ಅಂಗಡಿಯವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡುತ್ತಾ ಹೋದರು. ಬೈಕ್ ನಂಬರ್ ಬಾಡಿಗೆ ಕೊಟ್ಟವನಿಂದ ಸಿಕ್ಕಿತು. ಅವನ ಮನೆಯವರ ನಂಬರ್ ರಿಜಿಸ್ಟರ್‌ನಲ್ಲಿತ್ತು, ಆದರೆ ಹನ್ನೆರಡರ ತನಕ ಅವರಿಗೆ ಹೇಳುವುದು ಬೇಡ ಅಂತ ಹುಬ್ಬಳ್ಳಿಯ ಸರ್ ಅಂದರು. ಯಾರೂ ಲ್ಯಾಪ್‌ಟಾಪ್ ತೆರೆಯಲಿಲ್ಲ. ಹನ್ನೊಂದೂ ಮುಕ್ಕಾಲಿಗೆ ಗೇಟು ಸದ್ದಾಯಿತು. ಮಳೆಗೆ ಫೋನ್ ನೆನೆದು ಸತ್ತಿತ್ತು, ಹೆದ್ದಾರಿಯಲ್ಲಿ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡು ವಾಪಸ್ ಬಂದಿದ್ದ. ನಾವೆಲ್ಲ ಜಗುಲಿಯಲ್ಲಿ ನಿಂತಿದ್ದು ನೋಡಿ, "ಏನಾಯ್ತು?" ಅಂತ ಅವನೇ ಗಾಬರಿಯಾದ. ಅಕ್ಕ ಬೈದರು. ಕನ್ನಡದಲ್ಲೇ ಬೈದರು, ಅವನಿಗೆ ಪೂರ್ತಿ ಅರ್ಥವಾಯಿತು.

ಎಲ್ಲರಿಗೂ ಹಾಗೆ ಗೇಟು ಸದ್ದಾಗಲಿಲ್ಲ. ಕೋಯಿಕ್ಕೋಡಿನ ಕಡೆಯ ಲಾರಿ ಚಾಲಕರೊಬ್ಬರು ಕಾಣೆಯಾಗಿದ್ದರು. ನಮ್ಮ ಮನೆಯ ಹುಡುಗಿಗೆ ಅವರ ಪರಿಚಯವಿರಲಿಲ್ಲ, ಆದರೂ ದಿನವೂ ಸಂಜೆ ಅಕ್ಕನ ಪಕ್ಕ ಟಿವಿ ಮುಂದೆ ಕೂರುತ್ತಿದ್ದಳು. ಅಕ್ಕ ಕನ್ನಡದ ಸುದ್ದಿಯನ್ನು ಹರಕು ಹಿಂದಿಯಲ್ಲಿ ಹೇಳುವರು, ಅವಳು ಫೋನಿನಲ್ಲಿ ಬಂದ ಮಲಯಾಳಂ ಸುದ್ದಿ ಹೇಳುವಳು. ಸೆಪ್ಟೆಂಬರ್‌ನಲ್ಲಿ ನದಿಯಿಂದ ಲಾರಿ ಎತ್ತಿ ಶವ ಸಿಕ್ಕ ದಿನ ನಮ್ಮ ಗುಂಪಿಗೆ ಅವಳ ಮೆಸೇಜ್ ಬಂತು. ಆ ಹೊತ್ತಿಗೆ ನಾವೆಲ್ಲ ಒಂದೊಂದು ಊರಿನಲ್ಲಿದ್ದೆವು.

ಒಬ್ಬರೇ ಹೋಗಬೇಕು ಅಂತಿರುವ ಹುಡುಗಿಯರು ಕೇಳಿದರೆ ನಾನು ಹೇಳೋದಿಷ್ಟು. ಮೊದಲು ಮೂರು ದಿನಕ್ಕೆ ಬುಕ್ ಮಾಡಿ, ನೋಡಿ, ಆಮೇಲೆ ತಿಂಗಳಿನ ಮಾತಾಡಿ. ಕೋಣೆಗೆ ಒಳಗಿನ ಚಿಲಕ ಗಟ್ಟಿ ಇದೆಯಾ, ರಾತ್ರಿ ಮನೆಯವರು ಅಲ್ಲೇ ಇರುತ್ತಾರಾ, ಇಲ್ಲ ಬರೀ ಕೇರ್‌ಟೇಕರ್ ಹುಡುಗನಾ ಅಂತ ಕೇಳಲು ಸಂಕೋಚ ಬೇಡ. ಕರೆಂಟ್ ಹೋದಾಗ ಇನ್ವರ್ಟರ್ ಫ್ಯಾನಿಗೆ ಮಾತ್ರವಾ, ವೈಫೈ ರೂಟರಿಗೂ ಇದೆಯಾ ಕೇಳಿ. ಮಳೆಗಾಲದಲ್ಲಿ ನಮ್ಮ ಕೆಲಸ ಉಳಿಯೋದು ಅದರಿಂದಲೇ.

ಗುಡ್ಡ ಕುಸಿದ ದಿನ ಅಮ್ಮ ಹದಿನಾಲ್ಕು ಸಲ ಫೋನ್ ಮಾಡಿದ್ದಳು. "ಆ ಮನೇಲಿ ದೊಡ್ಡೋರು ಯಾರಾದ್ರೂ ಇದ್ರೆ ಕೊಡು" ಅಂದಳು. ಅಕ್ಕನಿಗೆ ಕೊಟ್ಟೆ. ನಲವತ್ತು ನಿಮಿಷ ಮಾತಾಡಿದರು. ಆಮೇಲೆ ಇಬ್ಬರೂ ನನ್ನನ್ನು ಬಿಟ್ಟೇ ಮಾತಾಡಿಕೊಳ್ಳತೊಡಗಿದರು. ಒಂದು ದಿನ ಚಹಾ ಕೊಡುತ್ತಾ ಅಕ್ಕ, "ನಿನ್ ಅಮ್ಮ ರಾತ್ರಿ ಊಟ ಮಾಡೂದಿಲ್ವಂತೆ ಅಲಾ ತಂಗಿ? ಒಬ್ಳಿಗೆ ಎಂತಕ್ಕೆ ಅಡುಗೆ ಅಂತ ಒಂದ್ ಲೋಟ ಹಾಲು ಕುಡ್ದು ಮಲಗೂದಂತೆ" ಅಂದರು. ನಾನು ದಿನಾ ರಾತ್ರಿ ಫೋನ್ ಮಾಡಿ "ಊಟ ಆಯ್ತಾ?" ಅಂತ ಕೇಳುತ್ತೇನೆ. "ಆಯ್ತು" ಅನ್ನುತ್ತಾಳೆ. ಮೂರು ವರ್ಷದಿಂದ.

ಆಗಸ್ಟ್ ಮೂರನೇ ವಾರ ಬಸ್ಸಿನಲ್ಲಿ ಬಂದಳು, ಎಂಟು ದಿನಕ್ಕೆ. ಮೊದಲೆರಡು ದಿನ ಎಲ್ಲಕ್ಕೂ ತೆಂಗಿನಕಾಯಿ ಹಾಕುತ್ತಾರೆ ಅಂತ ಗೊಣಗಿದಳು, ಮೂರನೇ ದಿನ ಅಡುಗೆಮನೆಯ ಡಬ್ಬಗಳನ್ನೆಲ್ಲ ತನಗೆ ಬೇಕಾದ ಹಾಗೆ ಜೋಡಿಸಿ ಪುಣೆಯವನ ಕೈಯಲ್ಲಿ ಬೈಸಿಕೊಂಡಳು. ಮಹಾಬಲೇಶ್ವರನ ದರ್ಶನಕ್ಕೆ ಮೊದಲ ಸಲ ನಾನು ಕರೆದುಕೊಂಡು ಹೋದೆ. ಭಟ್ಟರ ಮನೆಯ ಬೀದಿಯಲ್ಲಿ ಸ್ವಲ್ಪ ನಿಂತಳು, ಏನೂ ಹೇಳಲಿಲ್ಲ. ಐದನೇ ದಿನ ನಾನು ಮೀಟಿಂಗ್ ಮುಗಿಸಿ ಬಂದಾಗ ಅಮ್ಮ ಕೋಣೆಯಲ್ಲಿರಲಿಲ್ಲ. ನೋಟ್‌ಬುಕ್‌ನಲ್ಲಿ ಅವಳ ಗುಂಡು ಅಕ್ಷರ ಇತ್ತು: 'ದೇವಸ್ಥಾನ. ಆಮೇಲೆ ಸಮುದ್ರ. 6 ಗಂಟೆ.' ಬಂದಿದ್ದು ಆರೂ ಮುಕ್ಕಾಲಿಗೆ, ಒಂದು ಕಟ್ಟು ಬಸಳೆಯ ಜೊತೆ. ಅಕ್ಕ ಗೇಟಿನಲ್ಲಿ ಛತ್ರಿ ಹಿಡಿದು ನಿಂತಿದ್ದರು.

ಈಗ ಜನವರಿಗೆ ಒಂದು ತಿಂಗಳು ರೂಮು ಹೇಳಿದ್ದಾಳೆ, ಅವಳ ಹೆಸರಿಗೇ. ಸೀಸನ್ ಆದರೂ ಅಕ್ಕ ಮಳೆಗಾಲದ ಬಾಡಿಗೆಗೇ ಒಪ್ಪಿದ್ದಾರೆ. ನಾನೂ ಬರುವುದಾದರೆ ಬೇರೆ ರೂಮು ತೆಗೆದುಕೊಳ್ಳಬೇಕಂತೆ, ನನಗೆ ಆ ರಿಯಾಯಿತಿ ಇಲ್ಲವಂತೆ.