ಕೆಸರು ನಮ್ಮದು, ಮೀನು ಯಾರದು?

ಮೊನ್ನೆ ಏಳನೇ ಕ್ಲಾಸಿಗೆ ನದಿಗಳ ಪಾಠ ಮಾಡ್ತಿದ್ದೆ. ಕಾವೇರಿ ಎಲ್ಲಿ ಹುಟ್ಟುತ್ತೆ, ಎಲ್ಲಿ ಸಮುದ್ರ ಸೇರುತ್ತೆ, ಎಲ್ಲ ಬೋರ್ಡಿನ ಮೇಲೆ ಬರೆದೆ. ಹಿಂದಿನ ಸಾಲಿನಿಂದ ನಮ್ಮ ಕೇರಿಯ ಹುಡುಗನೊಬ್ಬ ಎದ್ದು ನಿಂತ. 'ಸಾ, ನಮ್ ಹೊಳೇಲಿ ಮೀಸೆ ಮೀನು ಅವೆಯಾ? ನಾವು ಹಿಡೀಬೋದಾ?' ಕ್ಲಾಸೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಅವನು ಕೇಳಿದ್ದು ಎರಡು ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದಕ್ಕೆ ನಮ್ಮಪ್ಪನಿಗೆ ಸಾಯೋತನಕ ಉತ್ತರ ಸಿಗಲಿಲ್ಲ.

ಕಾವೇರಿ, ಕಪಿಲೆ ಕೂಡೋ ತಿರುಮಕೂಡಲಿನ ಸೀಮೆ ನಮ್ಮದು. ಇಲ್ಲಿ ಮೀಸೆ ಮೀನಿಗೆ ಬರ ಇರಲಿಲ್ಲ. ಹೊಳೆಯ ಮಡುವಿನಲ್ಲಿ ಬಾಳೆಮೀನು. ಉದ್ದಕ್ಕೆ, ಚಪ್ಪಟೆಯಾಗಿ, ದೊಡ್ಡ ಬಾಯಿ ತೆರೆದುಕೊಂಡು ಇರುತ್ತೆ. ಮೈಮೇಲೆ ಪೊರೆ ಇಲ್ಲ. ರಾತ್ರಿ ಹೊತ್ತು ಸಣ್ಣ ಮೀನು, ಕಪ್ಪೆ ಹಿಡಿದು ನುಂಗುತ್ತೆ. ಒಬ್ಬ ಹುಡುಗನಷ್ಟು ಉದ್ದ ಬೆಳೆಯುತ್ತೆ. ಕೆರೆ, ಕಾಲುವೆ, ಗದ್ದೆ ಬಯಲಿನ ಕೆಸರಿನಲ್ಲಿ ಮುರುಗೋಡು ಮತ್ತು ಚೇಳುಮೀನು. ಇವೆರಡಕ್ಕೂ ಗಾಳಿಯಲ್ಲೇ ಉಸಿರಾಡೋ ಶಕ್ತಿ ಉಂಟು. ನೀರು ಬತ್ತಿದರೂ ಒದ್ದೆ ಕೆಸರಿನಲ್ಲಿ ಹುದುಗಿ ಜೀವ ಹಿಡಕೊಂಡಿರುತ್ತವೆ. ಎಲ್ಲಾನೂ ಕಿತ್ತುಕೊಂಡ ಮೇಲೂ ಬದುಕೋದು ಹೆಂಗೆ ಅನ್ನೋದು ಅವಕ್ಕೆ ಗೊತ್ತು.

ಅಂಥ ಕೆಸರಿಗೆ ಕೈ ಹಾಕೋ ಕೆಲಸ ನಮ್ಮಪ್ಪನದು. ಬೇಸಿಗೆಯಲ್ಲಿ ಊರ ಕೆರೆ ತಳ ಕಂಡಾಗ ಕೇರಿಗೆ ಹೇಳಿಕೆ ಬರೋದು. ಮಳೆಗಾಲದಲ್ಲಿ ಅದೇ ಕೆರೆಯ ಮೇಲಿನ ಸೋಪಾನಕ್ಕೆ ನಮ್ಮವ್ವ ಕೊಡ ತಗೊಂಡು ಹೋಗೋ ಹಂಗಿರಲಿಲ್ಲ. ನಾವು ಮುಟ್ಟಿದರೆ ನೀರು ಮೈಲಿಗೆ. ನಾವು ಹಿಡಿದ ಮೀನಿಗೆ ಮಾತ್ರ ಯಾವ ಮೈಲಿಗೆಯೂ ಇಲ್ಲ!

ಒಂದು ಸಲ ಅಪ್ಪನ ಹೆಬ್ಬೆರಳಿಗೆ ಚೇಳುಮೀನಿನ ಮುಳ್ಳು ಚುಚ್ಚಿತು. ಆ ಮುಳ್ಳಿನಲ್ಲಿ ವಿಷ ಇರುತ್ತೆ. ಕೈ ಮೊಣಕೈತನಕ ಊದಿಕೊಂಡಿತು. ಅವ್ವ ಬಿಸಿನೀರಲ್ಲಿ ಕೈ ಅದ್ದಿಸಿಕೊಂಡು ರಾತ್ರಿಯೆಲ್ಲ ಕೂತಿದ್ದಳು. ಬೆಳಿಗ್ಗೆ ಅಪ್ಪ ಮತ್ತೆ ಕೆರೆಗೆ ಹೋದ. ಸಂಜೆ ಬರುವಾಗ ನಾಲ್ಕು ಮುರುಗೋಡು ಟವಲಿನಲ್ಲಿ ಕಟ್ಟಿಕೊಂಡು ಬಂದ. ಮುದ್ದೆಗೆ ಸಾರಾಗಲಿ ಅಂತ. ಕೆರೆ ಗುತ್ತಿಗೆ ಹಿಡಿದವನ ಆಳುಗಳು ಹಿಂದೆಯೇ ಬಂದರು. ಒಲೆ ಮೇಲಿದ್ದ ಮಡಕೆ ಒದ್ದರು. ಪಂಚಾಯ್ತಿ ಸೇರಿಸಿ ಅಪ್ಪನಿಗೆ ದಂಡ ಹಾಕಿದರು. 'ತೆಪ್ಪಾಯ್ತು ಬುದ್ದೀ' ಅಂತ ಅಪ್ಪ ಊದಿದ ಕೈಯನ್ನೂ ಸೇರಿಸಿ ಮುಗಿದ. ನಾನು ಕಂಬದ ಮರೆಯಲ್ಲಿ ನಿಂತಿದ್ದೆ. ಆ ಕೈ ಇವತ್ತಿಗೂ ನನ್ನ ಕಣ್ಣ ಮುಂದೆ ಬರುತ್ತೆ.

ಮನೆಗೆ ಬಂದು ಅಪ್ಪ ಒಂದೇ ಮಾತು ಅಂದ: 'ಕೆಸ್ರು ನಮ್ದು ಕಣ್ ಮಗಾ, ಮೀನು ಅವ್ರುದು.'

ಇದು ನಮ್ಮೊಬ್ಬರ ಕತೆ ಅಲ್ಲ. ತಲತಲಾಂತರದಿಂದ ಬಲೆ ಬೀಸಿದ ಬೆಸ್ತರೂ ದುಡ್ಡಿದ್ದವನ ಹರಾಜಿನ ಮುಂದೆ ಕೂಲಿಯಾಳಾಗಿದ್ದನ್ನು ನೋಡಿದ್ದೇನೆ.

ಈಗ ಇನ್ನೊಂದು ಮೀಸೆ ಮೀನು ಬಂದಿದೆ. ಆಫ್ರಿಕನ್ ಕ್ಯಾಟ್‌ಫಿಶ್. ನಮ್ಮ ಮುರುಗೋಡಿನ ದಾಯಾದಿ, ಆದರೆ ಹಲವು ಪಟ್ಟು ದೊಡ್ಡದು. ಸಿಕ್ಕಿದ್ದನ್ನೆಲ್ಲ ತಿಂದು ಬೇಗ ಬೆಳೆಯುತ್ತೆ. ಹೊಂಡದಿಂದ ತಪ್ಪಿಸಿಕೊಂಡು ಹೊಳೆ ಸೇರಿದರೆ ಊರ ಮೀನಿನ ಸಂತತಿಯನ್ನೇ ನುಂಗುತ್ತೆ. ಅದಕ್ಕೇ 2000ರಲ್ಲಿ ಕೇಂದ್ರ ಸರ್ಕಾರ ಇದರ ಸಾಕಣೆಯನ್ನು ನಿಷೇಧಿಸಿತು. ನಿಷೇಧ ಸರಿಯಾದದ್ದೇ. ಆದರೂ ಕದ್ದುಮುಚ್ಚಿ ಸಾಕೋದು ನಿಲ್ಲಲಿಲ್ಲ. ಸಾಕೋರು ಯಾರು? ಜಮೀನು, ಬೋರ್‌ವೆಲ್, ಹೊಂಡ ಇರೋರು. ಬೈಸಿಕೊಳ್ಳೋರು ಯಾರು? ಸಂತೆಯಲ್ಲಿ ಅಗ್ಗಕ್ಕೆ ಸಿಕ್ತು ಅಂತ ಅರ್ಧ ಕೆಜಿ ಕೊಂಡ ಕೂಲಿ ಹೆಂಗಸು. 'ಕೊಳಕು ತಿನ್ನೋ ಮೀನು, ಕೊಳಕು ತಿನ್ನೋ ಜನ' ಅನ್ನೋ ಮಾತನ್ನು ಇದೇ ಕಿವಿಯಲ್ಲಿ ಕೇಳಿದ್ದೇನೆ. ಮೀನಿನ ಮೇಲಿನ ಸಿಟ್ಟಲ್ಲ ಅದು. ಹಳೇ ಹೇಸಿಗೆ, ಹೊಸ ಹೆಸರು.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಗಿಳಿದು ಬೊಗಸೆ ನೀರು ಕುಡಿದರು. ಸಾರ್ವಜನಿಕ ಕೆರೆ ಎಲ್ಲರದು ಅಂತ ತೋರಿಸಿದರು. ನೀರು ಎಲ್ಲರದು ಅಂದಮೇಲೆ ಆ ನೀರೊಳಗಿನ ಅನ್ನ ಯಾರದು? ಈ ಲೆಕ್ಕ ಇನ್ನೂ ಬಾಕಿ ಇದೆ.

ಆ ಹುಡುಗನಿಗೆ ಹೇಳಿದೆ: 'ಅವೆ ಕಣಪ್ಪ. ಹಿಡೀಬೋದು. ಆದರೆ ಲೈಸೆನ್ಸ್ ಮಾಡಿಸಿಕೊಂಡು ಹಿಡೀಬೇಕು. ರಂಗನತಿಟ್ಟಿನಂಥ ಪಕ್ಷಿಧಾಮದ ನೀರಿಗೆ ಇಳೀಬಾರದು. ಮದ್ದು ಸಿಡಿಸಿ, ವಿಷ ಹಾಕಿ ಹಿಡೀಬಾರದು. ಅದು ಅಪರಾಧ. ಮುಂಗಾರಿನ ಹೊಸನೀರಿಗೆ ಮೊಟ್ಟೆ ಇಡೋ ಮೀನನ್ನು ಬಿಟ್ಟುಬಿಡಬೇಕು. ಆಫ್ರಿಕನ್ ಮೀನು ಸಿಕ್ಕಿದರೆ ಮತ್ತೆ ಹೊಳೆಗೆ ಬಿಡಬಾರದು.'

ಹುಡುಗ ಮತ್ತೆ ಕೇಳಿದ: 'ಕೆರೇಲಿ ಸಾ?'

'ಕೆರೆ ಹರಾಜಿನ ದಿನ ನಿಮ್ಮಪ್ಪನ್ನ ಕರ್ಕೊಂಡು ಬಾ. ನಾನೂ ಬತ್ತೀನಿ. ಗುತ್ತಿಗೆ ಯಾರಿಗೆ, ಯಾಕೆ ಅಂತ ಎಲ್ಲರೆದುರು ಕೇಳಾನ.'

ಈ ಸಲ ಕ್ಲಾಸಿನಲ್ಲಿ ಯಾರೂ ನಗಲಿಲ್ಲ. ಗೆಳೆಯರೇ, ಹರಾಜು ಬರೋ ತಿಂಗಳು ಇದೆ. ನಾವು ಹೋಗ್ತಾ ಇದ್ದೇವೆ. ನಿಮ್ಮೂರಿನ ಕೆರೆಗೂ ಒಂದು ಹರಾಜಿನ ದಿನ ಇರುತ್ತೆ.