ಕಾಗದದ ಕಿಟಕಿ

ನಲವತ್ತು ದಾಟಿದ ಮೇಲೆ ಕೆಲವರು ಯೋಗಾಸನಕ್ಕೆ ತೊಡಗುತ್ತಾರೆ. ಕೆಲವರು ಸಾಲ ಮಾಡಿ ಅಡಕೆ ತೋಟ ಕೊಳ್ಳುತ್ತಾರೆ. ನಾನು ಸ್ಟಾಂಪು ಕೂಡಿಡುವ ಹಳೆಯ ಹುಚ್ಚಿಗೆ ಮರಳಿದ್ದೇನೆ. “ಮೊದಲನೆಯದರಿಂದ ಮೈಗೆ ಗುಣವುಂಟು, ಎರಡನೆಯದರಿಂದ ಮಕ್ಕಳಿಗೆ ಗುಣವುಂಟು, ಇದರಿಂದ ಯಾರಿಗೆ?” ಎಂದು ನನ್ನ ಹೆಂಡತಿ ಕೇಳಿದಳು. ಅಲಂಕಾರಶಾಸ್ತ್ರ ಓದಿ ಪ್ರಯೋಜನವೇನೆಂದು ವಿದ್ಯಾರ್ಥಿಗಳು ಕೇಳಿದಾಗ ನಾನು ಒಂದು ಸಲ ಕೆಮ್ಮಿ ಪುಟ ತಿರುಗಿಸುವುದುಂಟು. ಮನೆಯಲ್ಲಿಯೂ ಹಾಗೆಯೇ ಮಾಡಿದೆ. ಆದರೆ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಅದಕ್ಕೆ ಉತ್ತರ ಬರೆಯುತ್ತಿದ್ದೇನೆ.

ನಾನು ವಾಸವಾಗಿರುವುದು ಬಂಟ್ವಾಳದಲ್ಲಿ; ಪಾಠ ಹೇಳುವುದು ಮೂಡಬಿದಿರೆಯಲ್ಲಿ; ನಡುವೆ ಸಿದ್ದಕಟ್ಟೆಯ ದಾರಿಯ ಬಸ್ಸು. ಆದರೆ ಈ ಹುಚ್ಚು ಹತ್ತಿದ್ದು ಬೆಳ್ತಂಗಡಿ ತಾಲೂಕಿನಲ್ಲಿ, ವೇಣೂರಿನ ಹತ್ತಿರದ ಅಜ್ಜಿಯ ಮನೆಯಲ್ಲಿ. ಶಾಲೆಯ ದಿನಗಳನ್ನೆಲ್ಲ ನಾನು ಅಲ್ಲಿಯೇ ಕಳೆದೆ. ನನ್ನ ಆಲ್ಬಮ್ಮೆಂದರೆ ಇನ್ನೂರು ಪುಟದ ಒಂದು ಬರೆಯುವ ಪುಸ್ತಕ. ಅಂಟೆಂದರೆ ಊಟದ ತಟ್ಟೆಯಲ್ಲಿ ಉಳಿದ ನಾಲ್ಕು ಅಗುಳು ಅನ್ನ.

ಅದರಲ್ಲಿ ನನಗೆ ಹೆಮ್ಮೆಯೆನಿಸಿದ್ದ ಸ್ಟಾಂಪುಗಳು ಎರಡೇ. ಒಂದು, 1949ರಲ್ಲಿ ಹೊರಟ ದೇಗುಲ, ಸ್ಮಾರಕಗಳ ಮಾಲೆಯಲ್ಲಿ ಬಿಜಾಪುರದ ಗೋಲಗುಂಬಜವಿದ್ದ ಆರು ಆಣೆಯದು. ಇನ್ನೊಂದು, ಶ್ರವಣಬೆಳಗೊಳದ ಗೊಮ್ಮಟನಿಗೆ ಸಾವಿರ ವರ್ಷ ತುಂಬಿದ 1981ರಲ್ಲಿ ಬಂದ ಒಂದು ರೂಪಾಯಿಯದು. ಈ ಎರಡನೆಯದು ನಮ್ಮ ವೇಣೂರಿನ ಗೊಮ್ಮಟನೇ ಎಂದು ನಾನು ಬಹಳ ಕಾಲ ನಂಬಿದ್ದೆ. 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ಮೂವತ್ತೈದು ಅಡಿಯ ಆ ಮೂರ್ತಿಗಿಂತ ದೊಡ್ಡ ಗೊಮ್ಮಟ ಲೋಕದಲ್ಲಿರಬಹುದೆಂದು ಹತ್ತು ವರ್ಷದ ಹುಡುಗನಿಗೆ ಹೇಗೆ ತೋರಬೇಕು?

ಇವೆರಡನ್ನು ಬಿಟ್ಟರೆ ಪುಸ್ತಕದಲ್ಲಿ ಹೆಚ್ಚಾಗಿದ್ದದ್ದು ನವಿಲು. ಅದರ ಕಥೆ ಹೀಗೆ.

ನನ್ನ ಸೋದರಮಾವ ಬೊಂಬಾಯಿಯಲ್ಲಿ, ಮಾಟುಂಗಾದ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದರು. ತಿಂಗಳಿಗೊಂದು ಇನ್‌ಲ್ಯಾಂಡ್ ಕಾಗದ ತಪ್ಪದೆ ಬರುತ್ತಿತ್ತು. ಅಜ್ಜಿಗೆ ಓದು ಬಾರದು. ಓದಿ ಹೇಳುವವನು ನಾನು. ಉತ್ತರ ಬರೆಯುವವನೂ ನಾನು. “ಮಾತೃಶ್ರೀಯವರ ಪಾದಗಳಿಗೆ ಸಾಷ್ಟಾಂಗ ನಮಸ್ಕಾರಗಳು” ಎಂಬಲ್ಲಿಂದ ಹಿಡಿದು ಕೊನೆಯ ರುಜುವಿನವರೆಗೆ ಒಂದೇ ಉಸಿರಿನಲ್ಲಿ ಓದಿ ಮುಗಿಸುತ್ತಿದ್ದೆ. ಏಕೆಂದರೆ ನನ್ನ ಕಣ್ಣು ಬರಹದ ಮೇಲಿರಲಿಲ್ಲ, ಹೊರಮೈಯ ಮೂಲೆಯಲ್ಲಿ ಅಚ್ಚಾಗಿದ್ದ ನವಿಲಿನ ಮೇಲಿತ್ತು. ಓದಿದ್ದಾದ ಮೇಲೆ ಅಜ್ಜಿ ಕಾಗದವನ್ನು ತುಸು ಹೊತ್ತು ಮಡಿಲಲ್ಲಿ ಇಟ್ಟುಕೊಂಡು, ಅನಂತರ ಗೋಡೆಯ ತಂತಿಗೆ ಚುಚ್ಚುತ್ತಿದ್ದರು. ಅವರು ಹಟ್ಟಿಯ ಕಡೆಗೆ ಹೋದೊಡನೆ ನಾನು ಕತ್ತರಿ ತೆಗೆಯುತ್ತಿದ್ದೆ.

ಲಕೋಟೆಯ ಸ್ಟಾಂಪಾದರೆ ನೀರಿನಲ್ಲಿ ನೆನೆಸಿ ಬಿಡಿಸಬಹುದು. ಇನ್‌ಲ್ಯಾಂಡಿನದು ಕಾಗದದ ಮೇಲೆಯೇ ಅಚ್ಚಾದದ್ದು, ಕತ್ತರಿಸದೆ ಗತ್ಯಂತರವಿಲ್ಲ. ಕತ್ತರಿಸಿದರೆ ಒಳಮೈಯ ಬರಹವೂ ಅಷ್ಟು ಹೋಗುತ್ತದೆ. ಹೀಗೆ ಹೋದದ್ದನ್ನು ಓದುಬಾರದ ಅಜ್ಜಿಯೇ ಮೊದಲು ಕಂಡರು. “ಏನು ಮಗಾ, ಕಾಗದಕ್ಕೆ ಕಿಟಕಿ ಇಟ್ಟಿದ್ದೀಯಲ್ಲ, ಗಾಳಿ ಬರಲಿಕ್ಕಾ?” ಎಂದರು. ಬೈಗುಳವಲ್ಲವೆಂದು ತಿಳಿದು ನಾನು ಕತ್ತರಿಯನ್ನು ಮುಂದುವರಿಸಿದೆ. ಆ ವರ್ಷ ಮೇ ತಿಂಗಳಿನಲ್ಲಿ ಮಾವ ರಜೆಯ ಮೇಲೆ ಬಂದವರು ತಂತಿಯಿಂದ ಕಾಗದಗಳನ್ನು ಇಳಿಸಿ ಒಂದೊಂದಾಗಿ ನೋಡಿದರು. ನನ್ನ ಪುಸ್ತಕವನ್ನೂ ತರಿಸಿಕೊಂಡು ನೋಡಿದರು. ನನಗೆ ಎದೆ ಹೊಡೆದುಕೊಂಡಿತು. ಅವರು ನಕ್ಕರು, ಪುಸ್ತಕ ಹಿಂದಕ್ಕೆ ಕೊಟ್ಟರು, ಮತ್ತೇನೂ ಹೇಳಲಿಲ್ಲ.

ಪಿ.ಯು.ಸಿ.ಗೆ ಸೇರಿದಾಗ ಹುಚ್ಚು ಬಿಟ್ಟಿತು. ಅನಂತರ ಎಂ.ಎ., ನೌಕರಿ, ಮದುವೆ. ಈ ನಡುವೆ ಅಜ್ಜಿ ಹೋದರು. ಕೆಲವು ವರ್ಷಗಳ ಮೇಲೆ ಮಾವನೂ ಹೋದರು. ಕಳೆದ ವರ್ಷ ಅಜ್ಜಿಯ ಮನೆಯನ್ನು ಕೆಡವುವ ಮೊದಲು ಅಟ್ಟ ಖಾಲಿ ಮಾಡಿಸಿದಾಗ ನನ್ನ ಪುಸ್ತಕವೂ ತಂತಿ ಸಹಿತವಾಗಿ ಆ ಕಾಗದಗಳೂ ಒಂದೇ ಗೋಣಿಯಲ್ಲಿ ಬಂಟ್ವಾಳಕ್ಕೆ ಬಂದವು. ನಮ್ಮ ಬಂಟ್ವಾಳದ ಮನೆಯಲ್ಲಿ ಹಳೆಯ ಕಾಗದವೆಂಬುದೇ ಇಲ್ಲ. 1974ರಲ್ಲಿ ನೇತ್ರಾವತಿ ಪೇಟೆಯೊಳಗೆ ಬಂದಾಗ ನಮ್ಮ ತಂದೆಯವರ ಪೆಟ್ಟಿಗೆಯಲ್ಲಿದ್ದದ್ದೆಲ್ಲ ನೀರುಪಾಲಾಗಿತ್ತು. ಹಿರಿಯರ ಕೈಬರಹವೆಂದು ನಮಗೆ ಉಳಿದದ್ದು ಈ ತಂತಿ ಒಂದೇ. ಎಣಿಸಿದೆ: ನಲವತ್ತಮೂರು ಕಾಗದ. ನಲವತ್ತಮೂರಕ್ಕೂ ಒಂದೇ ಮೂಲೆಯಲ್ಲಿ ಒಂದೇ ಅಳತೆಯ ಕಿಟಕಿ.

ಹಳೆಯ ಗೀಳಿಗೆ ಮರಳಿದವನು ಮೊದಲು ಮಾಡುವ ಕೆಲಸ ಪುಸ್ತಕ ಓದುವುದು. ಬಾಲ್ಯದಲ್ಲಿ ತಿಳಿಯದ ಎಷ್ಟೋ ಸಂಗತಿಗಳನ್ನು ಓದಿದೆ. ಇಂಗ್ಲೆಂಡಿನಲ್ಲಿ 1840ರ ಮೇ ತಿಂಗಳಲ್ಲಿ ಮೊದಲ ಸ್ಟಾಂಪು ಬಂದದ್ದು. ಹನ್ನೆರಡೇ ವರ್ಷಗಳಲ್ಲಿ, 1852ರಲ್ಲಿ, ಸಿಂಧ್ ಪ್ರಾಂತದಲ್ಲಿ ಏಷ್ಯಾದ ಮೊದಲ ಸ್ಟಾಂಪು ಹೊರಟದ್ದು. ಸ್ವತಂತ್ರ ಭಾರತದ ಮೊದಲನೆಯದು 1947ರ ನವೆಂಬರ್ 21ರಂದು ಧ್ವಜವನ್ನೂ ‘ಜೈಹಿಂದ್’ ಎಂಬ ಮಾತನ್ನೂ ಹೊತ್ತು ಬಂದದ್ದು. ಆದರೆ ಇವೆಲ್ಲಕ್ಕಿಂತ ನನಗೆ ನಾಟಿದ್ದು ಬಲ್ಲ ಸಂಗ್ರಾಹಕರೆಲ್ಲ ಹೇಳುವ ಒಂದು ಎಚ್ಚರಿಕೆಯ ಮಾತು: ಹಳೆಯ ಲಕೋಟೆ ಸಿಕ್ಕಿದರೆ ಸ್ಟಾಂಪನ್ನು ಕೀಳಬೇಡಿ, ಲಕೋಟೆಯ ಸಮೇತ ಇಡಿ. ಸ್ಟಾಂಪು ಹೇಳುವುದು ಎಷ್ಟು ಕಾಸು ಕೊಟ್ಟರೆಂಬುದನ್ನು ಮಾತ್ರ. ಎಲ್ಲಿಂದ, ಯಾವ ದಿನ ಎಂಬುದನ್ನು ಹೇಳುವುದು ಅಂಚೆಯ ಮುದ್ರೆ. ಯಾರಿಂದ ಯಾರಿಗೆ ಎಂಬುದನ್ನು ಹೇಳುವುದು ವಿಳಾಸ. ತಾರೀಕು ಅಳಿಸಿದ್ದರೂ ವಿಳಾಸ ನೋಡಿ ಕಾಲವನ್ನು ಊಹಿಸಬಹುದು: ಬಂಟ್ವಾಳಕ್ಕೆ 574211, ಬೆಳ್ತಂಗಡಿಗೆ 574214, ಮೂಡಬಿದಿರೆಗೆ 574227 ಎಂದು ಆರಂಕಿಯ ಪಿನ್ ಕೋಡು ಬರೆದಿದ್ದರೆ ಅದು 1972ರ ಆಗಸ್ಟ್ 15ರ ಈಚಿನದು, ಜಿಲ್ಲೆಯ ಹೆಸರಿನ ಮುಂದೆ ಮದರಾಸು ಎಂದಿದ್ದರೆ ಬಹುಮಟ್ಟಿಗೆ 1956ರ ರಾಜ್ಯ ವಿಂಗಡಣೆಯ ಹಿಂದಿನದು. ಇಷ್ಟನ್ನೂ ಕತ್ತರಿಸಿ ಎಸೆದು, ನವಿಲಿನ ಚಿತ್ರವೊಂದನ್ನು ಇಟ್ಟುಕೊಳ್ಳುವುದಕ್ಕೆ ಸಂಗ್ರಹವೆಂದು ನಾನು ಹೆಸರಿಟ್ಟಿದ್ದೆ!

ಈಗ ಕತ್ತರಿಸೋಣವೆಂದರೂ ಕಾಗದವೇ ಬರುವುದಿಲ್ಲ. ತಂತಿ ಸಮಾಚಾರ 2013ರಲ್ಲಿ ನಿಂತಿತು. 2025ರಲ್ಲಿ ರಿಜಿಸ್ಟರ್ಡ್ ಅಂಚೆಯನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿಬಿಟ್ಟರು. ಬರುವ ಲಕೋಟೆಗಳ ಮೇಲೆ ಸ್ಟಾಂಪಿನ ಸ್ಥಳದಲ್ಲಿ ಗೆರೆಗೆರೆಯ ಪಟ್ಟಿ. ರಾಣಿ ಅಬ್ಬಕ್ಕನ ಸ್ಟಾಂಪು 2023ರಲ್ಲಿ ಹೊರಟಾಗ, ನಮ್ಮ ಮೂಡಬಿದಿರೆಯಲ್ಲಿ ಅರಮನೆ ಕಟ್ಟಿಕೊಂಡಿದ್ದ ಚೌಟರ ವಂಶದವಳಲ್ಲವೆ ಎಂಬ ಅಭಿಮಾನ ನನಗೂ ಇತ್ತು. ಹುಚ್ಚು ಮರುಕಳಿಸಿದ ಮೇಲೆ ಕಾಸು ಕೊಟ್ಟು ಒಂದನ್ನು ತಂದೆ. ಚೆಂದದ ಸ್ಟಾಂಪು. ತಿರುಗಿಸಿ ನೋಡಿದರೆ ಬೆನ್ನು ಸ್ವಚ್ಛ. ಯಾವ ಕಾಗದವನ್ನೂ ಅದು ಹೊತ್ತು ತಂದದ್ದಲ್ಲ. ಆಗ ಆಟಿ ತಿಂಗಳು. ಹೊರಗೆ ಮಳೆ ಸುರಿಯುತ್ತಿತ್ತು. ನನ್ನ ನವಿಲುಗಳ ಬೆನ್ನಿನಲ್ಲಿ ಏನಿರಬಹುದೆಂಬ ಯೋಚನೆ ಬಂದದ್ದು ಅಂದೇ.

ಮೂಡಬಿದಿರೆಯಲ್ಲಿ ಕನ್ನಡ ಪಾಠ ಹೇಳುವವನಿಗೆ ಓಲೆಗರಿಯ ಮಾತು ಆಡದೆ ದಿನ ಹೋಗದು. ಧವಲಾದಿ ಸಿದ್ಧಾಂತ ಗ್ರಂಥಗಳ ಓಲೆಗಳು ಶತಮಾನಗಳ ಕಾಲ ಉಳಿದು ಬಂದ ಊರು ಅದು. ಗ್ರಂಥಸಂಪಾದನೆಯ ಪಾಠದಲ್ಲಿ ನಾನು ವರ್ಷವರ್ಷವೂ ಹುಳುವನ್ನು ಬಯ್ಯುತ್ತೇನೆ. ಹುಳು ತಿಂದಲ್ಲಿ ಸಂಪಾದಕ ಚುಕ್ಕಿಗಳನ್ನಿಟ್ಟು ಮುಂದೆ ಹೋಗಬೇಕು. ಆ ಚುಕ್ಕಿಗಳ ಅಡಿಯಲ್ಲಿ ಏನಿತ್ತೆಂದು ಎಷ್ಟು ವಿದ್ವಾಂಸರು ತಲೆ ಕೆಡಿಸಿಕೊಂಡಿಲ್ಲ! ನನ್ನ ಮನೆಯ ಓಲೆಗೆ ನಾನೇ ಹುಳುವಾಗಿದ್ದೆನೆಂಬುದು ಇಷ್ಟು ವರ್ಷ ಹೊಳೆದಿರಲಿಲ್ಲ.

ನವಿಲುಗಳನ್ನು ಬಿಡಿಸಬೇಕು; ಆದರೆ ನೀರಿಗೆ ಹಾಕುವಂತಿಲ್ಲ. ಮಾವ ಬರೆದದ್ದು ಮಸಿಯ ಪೆನ್ನಿನಲ್ಲಿ. ನೀರಿಗೆ ಹಾಕಿದರೆ ನವಿಲು ಉಳಿದೀತು, ಅಕ್ಷರ ಕರಗೀತು. ಇದಕ್ಕೂ ಸಂಗ್ರಾಹಕರಲ್ಲಿ ಒಂದು ಉಪಾಯವುಂಟು. ಮುಚ್ಚಳದ ಡಬ್ಬಿಯೊಂದರ ತಳದಲ್ಲಿ ಒದ್ದೆ ಬಟ್ಟೆ ಹಾಸಿ, ಅದಕ್ಕೆ ತಾಗದಂತೆ ಒಂದು ಜಾಲರಿಯಿಟ್ಟು, ಅದರ ಮೇಲೆ ಸ್ಟಾಂಪನ್ನಿಟ್ಟು ಮುಚ್ಚಬೇಕು. ತೇವಕ್ಕೆ ಅಂಟು ತಾನಾಗಿ ಸಡಿಲುತ್ತದೆ. ನಮ್ಮ ಕರಾವಳಿಯ ಮಳೆಗಾಲ ಸ್ಟಾಂಪಿಗೆ ಪರಮ ವೈರಿ; ಗೋಂದು ಇಳಿಸುತ್ತದೆ, ಬೂಸ್ಟು ಹಿಡಿಸುತ್ತದೆ, ಕಂದು ಚುಕ್ಕೆ ಎಬ್ಬಿಸುತ್ತದೆ. ಆದರೆ ಆ ಆಟಿಯ ಮಳೆ ನನಗೆ ಒದಗಿ ಬಂತು. ಹೆಂಡತಿಯ ತಿಂಡಿಯ ಡಬ್ಬಿಯೊಂದನ್ನು ಕೇಳದೆಯೇ ತೆಗೆದುಕೊಂಡು ಕೆಲಸಕ್ಕೆ ತೊಡಗಿದೆ. ಮೂವತ್ತು ವರ್ಷದ ಅನ್ನದ ಅಂಟು ಎರಡು ರಾತ್ರಿಗಳಲ್ಲಿ ಸೋತಿತು.

ಯಾವ ನವಿಲು ಯಾವ ಕಿಟಕಿಯದೆಂದು ಹೊಂದಿಸುವುದು ಕಷ್ಟವಾಗಲಿಲ್ಲ. ಅಂಚೆಯ ಮುದ್ರೆಯ ಒಂದು ತುಂಡು ನವಿಲಿನ ಮೇಲೆ, ಇನ್ನೊಂದು ತುಂಡು ಕಾಗದದ ಮೇಲೆ ಇತ್ತು. ಎರಡನ್ನೂ ಕೂಡಿಸಿದರೆ ಮುದ್ರೆ ಪೂರ್ತಿಯಾಗುತ್ತಿತ್ತು. “ಮನಿಯಾರ್ಡರು … ಕಳುಹಿಸುತ್ತೇನೆ” ಎಂಬಲ್ಲಿ “ಈ ಸಲ ತಡವಾಗಿ” ಎಂದು ತುಂಬಿತು. “ವೈದ್ಯರು … ಎಂದಿದ್ದಾರೆ, ಚಿಂತೆ ಬೇಡ” ಎಂಬಲ್ಲಿ “ಇನ್ನೊಂದು ತಿಂಗಳು ನಿಲ್ಲಬಾರದು” ಎಂದು ತುಂಬಿತು. ಕಾಲಿನ ನೋವಿನ ಮಾತಿರಬೇಕು. ಇದನ್ನೂ ನಾನು ಅಜ್ಜಿಗೆ ಒಂದೇ ಉಸಿರಿನಲ್ಲಿ ಓದಿ ಮುಗಿಸಿದ್ದೆನಲ್ಲ! ಅವರು ಕಾಗದವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತದ್ದು ಏಕೆಂದು ಈಗ ತಿಳಿಯಿತು.

ಹೀಗೆ ಹನ್ನೊಂದು ಕಾಗದಗಳು ತುಂಬಿದವು. ಹನ್ನೆರಡನೆಯ ನವಿಲನ್ನು ತಿರುಗಿಸಿದೆ, ಬೆನ್ನು ಬರಿದು. ಹದಿಮೂರನೆಯದೂ ಬರಿದು. ತೇವಕ್ಕೆ ಮಸಿ ಅಳಿಸಿ ಹೋಯಿತೆಂದು ಗಾಬರಿಯಾಗಿ ಡಬ್ಬಿಯ ಬಟ್ಟೆಯನ್ನೂ ಪುಸ್ತಕದ ಹಾಳೆಯನ್ನೂ ನೋಡಿದೆ. ನೀಲಿಯ ಕಲೆ ಎಲ್ಲಿಯೂ ಇಲ್ಲ. ಮತ್ತೆ ಕಾಗದಗಳನ್ನು ತಾರೀಕಿನಂತೆ ಸಾಲಾಗಿಟ್ಟು ಓದಿದೆ. ಮಾವ ರಜೆಗೆ ಬಂದು ಹೋದ ಆ ಮೇ ತಿಂಗಳ ಈಚಿನ ಇಪ್ಪತ್ತೊಂಬತ್ತು ಕಾಗದಗಳಲ್ಲಿ ಒಂದು ವಾಕ್ಯವೂ ತುಂಡಾಗಿರಲಿಲ್ಲ. ಸಾಲು ಕಿಟಕಿಯ ಅಂಚಿನವರೆಗೆ ಬಂದು, ನಿಂತು, ಕೆಳಗಿನ ಸಾಲಿಗೆ ಇಳಿಯುತ್ತಿತ್ತು. ನನ್ನ ಕತ್ತರಿಗೆ ಎಷ್ಟು ಬೇಕೋ ಅಷ್ಟು ಜಾಗವನ್ನು ಅವರು ಬರೆಯದೆ ಬಿಟ್ಟಿದ್ದರು.

ಓಲೆಗರಿಯಲ್ಲಿ ದಾರ ಪೋಣಿಸುವುದಕ್ಕೆ ರಂಧ್ರವಿರುತ್ತದೆ. ದಾರ ಉಜ್ಜಿ ಅಕ್ಷರ ಕೆಡಬಾರದೆಂದು ಲಿಪಿಕಾರ ಅದರ ಸುತ್ತ ಒಂದು ಚೌಕ ಬಿಟ್ಟು ಬರೆಯುತ್ತಾನೆ. ಇದನ್ನು ನಾನು ಎಷ್ಟೋ ತರಗತಿಗಳಿಗೆ ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದ್ದೇನೆ. ನನ್ನ ಮಾವ ಓಲೆಗರಿಯನ್ನು ಕಂಡವರಲ್ಲ. ಹಗಲೆಲ್ಲ ಗಲ್ಲಾದಲ್ಲಿ ಚಿಲ್ಲರೆ ಎಣಿಸಿ, ರಾತ್ರಿ ಕಾಗದ ಬರೆಯಲು ಕುಳಿತಾಗ, ಊರಿನ ಹುಡುಗನೊಬ್ಬನ ಹುಚ್ಚಿಗಾಗಿ ಒಂದು ಚೌಕ ಬಿಡಬೇಕೆಂದು ಅವರಿಗೆ ತೋರಿತು. ಬಿಟ್ಟದ್ದನ್ನು ಅವರು ಎಂದೂ ಹೇಳಲಿಲ್ಲ. ಕತ್ತರಿಸುತ್ತಿದ್ದ ನನಗೆ ಕಾಣಲಿಲ್ಲ. ಓದಿ ಹೇಳುವವನೇ ಕುರುಡನಾಗಿದ್ದ ಮೇಲೆ ಅಜ್ಜಿಗೆ ಅದನ್ನು ತಿಳಿಸುವವರು ಯಾರು?

ಇನ್ನೂ ಮೂರು ಕಾಗದಗಳು ಉಳಿದವು. ಅವುಗಳ ನವಿಲುಗಳನ್ನು ನಾನು ಶಾಲೆಯ ಗೆಳೆಯನಿಗೆ ಕೊಟ್ಟು, ಹಂಗೇರಿ ದೇಶದ ಒಂದು ಮೂರು ಮೂಲೆಯ ಸ್ಟಾಂಪು ಪಡೆದಿದ್ದೆ. ಬೆಳ್ತಂಗಡಿಯಲ್ಲಿ ಅಂಗಡಿ ಇಟ್ಟಿರುವ ಅವನ ಬಳಿಗೆ ಒಂದು ಭಾನುವಾರ ಹೋದೆ. “ಮಾರಾಯ, ಆ ಪುಸ್ತಕವನ್ನು ಗೆದ್ದಲು ತಿಂದು ಇಪ್ಪತ್ತು ವರ್ಷವಾಯಿತು” ಎಂದ. ನನ್ನ ಮುಖ ನೋಡಿ, “ಬೇಕಾದರೆ ನಿನ್ನ ಹಂಗೇರಿಯನ್ನು ನೀನೇ ಇಟ್ಟುಕೋ” ಎಂದೂ ಹೇಳಿ ಚಹಾ ತರಿಸಿದ. ಹಂಗೇರಿ ಈಗಲೂ ನನ್ನಲ್ಲಿದೆ. ಆ ಮೂರು ಕಿಟಕಿಗಳ ಮುಂದೆ ಚುಕ್ಕಿ ಇಡುವುದಷ್ಟೇ ನನ್ನ ಪಾಲಿಗೆ ಉಳಿದದ್ದು.

ಈಗ ಪ್ರತಿಯೊಂದು ಕಾಗದವನ್ನೂ ಅದರ ನವಿಲಿನೊಡನೆ ಪಾರದರ್ಶಕವಾದ ಒಂದೊಂದು ಚೀಲದಲ್ಲಿ ಇಟ್ಟಿದ್ದೇನೆ. “ಅಪ್ಪಾ, ತಿರುಗಿ ಅಂಟಿಸಿಬಿಡಬಾರದೆ?” ಎಂದು ಮಗಳು ಕೇಳಿದಳು. ಅಂಟಿಸಬಾರದು. ಅಂಟಿಸಿದರೆ ಬೆನ್ನು ನೋಡುವುದು ಕಷ್ಟ. ನಾನು ಮಾಡಿದ್ದು ಕಾಣದಂತಾಗುವುದೂ ಸರಿಯಲ್ಲ. ಅವಳಿಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೆ ಬರಿದಾದ ಒಂದು ನವಿಲಿನ ಬೆನ್ನನ್ನು ಅವಳು ಬಹಳ ಹೊತ್ತು ನೋಡಿದಳು.

ವಾಚಕರಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಕಾಗದಗಳಿದ್ದು, ಮಕ್ಕಳು ಸ್ಟಾಂಪು ಬೇಕೆಂದು ಹಟ ಹಿಡಿದರೆ, ಕತ್ತರಿ ಕೊಡುವ ಮೊದಲು ಕಾಗದವನ್ನು ಒಂದು ಸಲ ತಿರುಗಿಸಿ ನೋಡಿ ಎಂದು ನನ್ನ ಬಿನ್ನಹ. ಹೆಂಡತಿಯ ಪ್ರಶ್ನೆಗೆ ಉತ್ತರವೂ ಇಷ್ಟೇ. ಅವಳು ಇದನ್ನು ಓದಿ, “ಸರಿ, ನನ್ನ ಡಬ್ಬಿ ಎಲ್ಲಿ?” ಎಂದಳು.